ಬ್ರೇಕಮ್ಮನ ನೀಲಿ ಕಾರು

ಕಾರು ಕಲಿಯಲು ಬಂದ ಹೆಂಗಸರಿಗೆ ಅವರು ದಿನಕ್ಕೆ ಇನ್ನೂರು ಸಲ ಹೇಳುತ್ತಿದ್ದ ಮಾತು ಒಂದೇ: "ಬ್ರೇಕ್, ಅಮ್ಮ! ಬ್ರೇಕ್!" ಯಾರೋ ಒಬ್ಬ ಶಿಷ್ಯೆ ಮನೆಗೆ ಹೋಗಿ ಆ ಎರಡು ಪದಗಳನ್ನು ಅಂಟಿಸಿ ಹೇಳಿದಳು. ಅಲ್ಲಿಂದ ಅವರು ಬ್ರೇಕಮ್ಮ ಆದರು. ಗಂಡಸರಿಗೆ "ಬ್ರೇಕ್, ಅಪ್ಪಾ" ಎಂದೇ ಹೇಳುತ್ತಿದ್ದರೂ ಹೆಸರೇನೂ ಬದಲಾಗಲಿಲ್ಲ. ನಾನು ಕಲಿತದ್ದೂ ಅವರ ಬಳಿಯೇ. ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದೆ. ಮೂರು ಸಲವೂ ಅವರು ಹೊರಗಿನ ಬೆಂಚಿನ ಮೇಲೆ ಒಂದೇ ಮುಖ ಹೊತ್ತು ಕೂತಿದ್ದರು.

ಮೂವತ್ತನಾಲ್ಕು ವರ್ಷವಾಗುವವರೆಗೆ ಅವರು ಸ್ಟೇರಿಂಗ್ ಮುಟ್ಟಿದವರಲ್ಲ. ಬೇಕರಿಯೊಂದರಲ್ಲಿ ಬ್ರೆಡ್ ಕತ್ತರಿಸಿ ಪೊಟ್ಟಣ ಕಟ್ಟುವ ಕೆಲಸ. ಒಂದು ದಿನ ವ್ಯಾನಿನ ಡ್ರೈವರು ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡ. ಮಾಲೀಕ ತಲೆಯ ಮೇಲೆ ಕೈಹೊತ್ತು, "ಯಾರಿಗಾದ್ರೂ ಓಡ್ಸಕ್ಕೆ ಬರತ್ತಾ?" ಎಂದು ಕೇಳಿದಾಗ, "ಬರಲ್ಲ. ಕಲೀತೀನಿ" ಅಂದವರು ಇವರೊಬ್ಬರೇ. ಹನ್ನೊಂದು ದಿನದಲ್ಲಿ ಕಲಿತರು. ಮುಂದೆ ಒಂಬತ್ತು ವರ್ಷ ಆ ವ್ಯಾನು ಅವರ ಕೈಯಲ್ಲೇ ಇತ್ತು. ಹಿಂದೆ ತಟ್ಟೆ ತಟ್ಟೆ ಕೆನೆ ಹಚ್ಚಿದ ಕೇಕು. ಒಂದು ಜೋರು ಬ್ರೇಕು ಹಾಕಿದರೆ ಆ ದಿನದ ಸಂಬಳ ಕೇಕಿನ ಮೇಲಿನ ಗುಲಾಬಿಯ ಜೊತೆಗೇ ಹೋಯಿತು. ಹಾಗಾಗಿ ಅವರ ಕಾಲು ಮೆತ್ತಗಾಯಿತು. "ನಂಗೆ ಯಾವ ಗುರೂನೂ ಇಲ್ಲ. ಕೇಕೇ ಕಲಿಸಿದ್ದು" ಎನ್ನುತ್ತಿದ್ದರು.

ಆಮೇಲೆ ಸ್ವಂತ ಶಾಲೆ. ದರ್ಜಿ ಅಂಗಡಿಯ ಪಕ್ಕದಲ್ಲಿ ಒಂದು ಕೋಣೆ, ಒಂದು ಮೇಜು, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ದೊಡ್ಡ ಹಾಳೆ. ನೆಲದ ಮೇಲೆ ಬಡಗಿಯಿಂದ ಮಾಡಿಸಿದ ಹಲಗೆ. ಅದಕ್ಕೆ ಸ್ಪ್ರಿಂಗು ಹಾಕಿ ಕೂರಿಸಿದ ಮೂರು ಮರದ ಪೆಡಲು. ಹೊಸಬರು ಮೊದಲ ಎರಡು ದಿನ ಕುರ್ಚಿಯ ಮೇಲೆ ಕೂತು ಈ ಹಲಗೆಯನ್ನೇ ತುಳಿಯಬೇಕು. ಮೂರನೆಯ ದಿನ ಹೊರಗೆ ನಿಂತಿರುವ ಬಿಳಿ ಕಾರು. ಅದರಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತಿದ್ದವು. ಕಲಿಯುವವರು ಎಡವಿದರೆ ಹಿಡಿಯಲು ಅವರ ಕಾಲು ಅಲ್ಲಿ ಸದಾ ಸಿದ್ಧ.

ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು, ಮಾತು ಕಡಿಮೆ. ಊರಿಗೆಲ್ಲ ಕಾರು ಕಲಿಸಿದ ಹೆಂಡತಿಯಿಂದ ಅವರು ಕಲಿಯಲೇ ಇಲ್ಲ. ಯಾರಾದರೂ ಕೇಳಿದರೆ, "ಮನೆಗೆ ಒಂದು ಸ್ಟೇರಿಂಗ್ ಸಾಕು" ಎನ್ನುತ್ತಿದ್ದರು.

ಬ್ರೇಕಮ್ಮನಿಗೆ ಐವತ್ತೊಂಬತ್ತು ಆದಾಗ ಶಿಷ್ಯರು ಹೆಚ್ಚಿದರು, ಬಿಳಿ ಕಾರು ದಣಿಯಿತು. ಎರಡನೆಯದೊಂದು ಬೇಕಾಯಿತು. ಹಳೆಯ ಕಾರು ಮಾರುವವನ ಅಂಗಳಕ್ಕೆ ಹೋದರು. ಆ ಮನುಷ್ಯನನ್ನು ಎಲ್ಲರೂ ಗ್ಯಾರಂಟಿ ಎಂದೇ ಕರೆಯುತ್ತಿದ್ದರು. ಟೈರು ಗ್ಯಾರಂಟಿ, ಬ್ಯಾಟರಿ ಗ್ಯಾರಂಟಿ, ನಾಳೆ ಬಿಸಿಲು ಬರುವುದೂ ಗ್ಯಾರಂಟಿ. ಬರವಣಿಗೆಯಲ್ಲಿ ಮಾತ್ರ ಅವನು ಈವರೆಗೆ ಯಾರಿಗೂ ಒಂದು ಗ್ಯಾರಂಟಿಯನ್ನೂ ಕೊಟ್ಟಿರಲಿಲ್ಲ.

ಅಲ್ಲಿ ಒಂದು ನೀಲಿ ಕಾರು ಕಣ್ಣಿಗೆ ಬಿತ್ತು. ನಾಲ್ಕು ವರ್ಷದ್ದು, ಗೀರು ಇಲ್ಲ, ಒಳಗೆ ಸ್ವಚ್ಛ. ಬ್ರೇಕಮ್ಮ ಒಂದು ಸುತ್ತು ಓಡಿಸಿ ಬಂದರು.

"ಚುರುಕಾಗಿದೆ ಅಲ್ವೇನಪ್ಪಾ?"

"ಚುರುಕು ಗ್ಯಾರಂಟಿ ಅಕ್ಕ" ಎಂದ ಅವನು. ಕಾಗದಕ್ಕೆ ಸಹಿಯಾಯಿತು. ಎರಡನೆಯ ಜೊತೆ ಪೆಡಲು ಹಾಕಿಸಿ ಸೋಮವಾರವೇ ಪಾಠ ಶುರು ಮಾಡಿದರು.

ಮೊದಲು ಕೂತವರು ಒಬ್ಬ ಪ್ರೈಮರಿ ಶಾಲೆಯ ಮೇಡಂ. ಇರುವೆಗೂ ದಾರಿ ಬಿಡುವಂಥವರು. ಅವರು ಆಕ್ಸಿಲರೇಟರ್ ಮೇಲೆ ಹೆಬ್ಬೆರಳು ಇಟ್ಟರೋ ಇಲ್ಲವೋ, ಕಾರು ಕಟ್ಟು ಬಿಚ್ಚಿದ ಕರುವಿನ ಹಾಗೆ ನೆಗೆದು ಪಾರ್ಕಿನ ಹೂವಿನ ಪಾತಿಯ ಅಂಚಿಗೆ ಹೋಗಿ ನಿಂತಿತು. ನಿಂತದ್ದು ಬ್ರೇಕಮ್ಮನ ಕಾಲಿನಿಂದ. ಮೇಡಂ ಇಳಿದು, "ಇದು ನನ್ನ ಕೈಲಾಗಲ್ಲ ಬಿಡಿ" ಎಂದು ಕಣ್ಣು ಒರೆಸಿಕೊಂಡರು.

ಮರುದಿನ ಇನ್ನೊಬ್ಬರು, ಮೂರನೆಯ ದಿನ ಮತ್ತೊಬ್ಬರು. ಎಲ್ಲರ ಕೈಯಲ್ಲೂ ಅದೇ ಕಥೆ. ಆರು ವಾರಗಳಲ್ಲಿ ಶಿಷ್ಯರೆಲ್ಲ ಬಿಳಿ ಕಾರಿಗೆ ಸಾಲು ನಿಲ್ಲತೊಡಗಿದರು. ನೀಲಿ ಕಾರು ಅಂದರೆ ಏನೋ ಒಂದು ನೆವ. ಒಬ್ಬಳಿಗೆ ತಲೆನೋವು, ಇನ್ನೊಬ್ಬನ ಅತ್ತೆಗೆ ಹುಷಾರಿಲ್ಲ. ಇಡೀ ದಿನ ಬ್ರೇಕು ತುಳಿದು ತುಳಿದು ಬ್ರೇಕಮ್ಮನ ಬಲಮಂಡಿ ಊದಿಕೊಂಡಿತು.

ಸಂಜೆ ಗಂಡ ಮಂಡಿಗೆ ಎಣ್ಣೆ ತಿಕ್ಕುತ್ತ, "ಕಾರ್ ಸರಿಯಾಗೇ ಇದ್ದಿರಬಹುದು. ನಿನ್ನ ಕಾಲಿಗೆ ವಯಸ್ಸಾಯ್ತೇನೋ" ಎಂದರು.

"ನಾನು ಓಡ್ಸಿದ್ರೆ ಏನೂ ಆಗಲ್ಲ ರೀ. ಅವರು ಓಡ್ಸಿದ್ರೆ ಎಗರತ್ತೆ."

"ಹಾಗಾದ್ರೆ ನೀನೂ ಅವರ ಹಾಗೇ ಓಡ್ಸಿ ನೋಡು."

ಮಾತು ಕಡಿಮೆಯ ಮನುಷ್ಯ ಆಡಿದ ಮಾತು ತಲೆಯಲ್ಲಿ ಕೂತಿತು. ಆದರೆ ಇಪ್ಪತ್ತೈದು ವರ್ಷ ಪಳಗಿದ ಕಾಲು, ಬೇಕೆಂದರೂ ದಡ್ಡತನ ಮಾಡುವುದಿಲ್ಲ. ಕಾರಿನ ಹುಚ್ಚಾಟವನ್ನು ತಾನೇ ಸರಿದೂಗಿಸಿಬಿಡುತ್ತದೆ. ಭಾನುವಾರ ಬೆಳಿಗ್ಗೆ ಖಾಲಿ ಮೈದಾನಕ್ಕೆ ಹೋಗಿ, ಕಾರನ್ನು ಎರಡನೇ ಗೇರಿನಲ್ಲಿ ನಿಧಾನ ಉರುಳಲು ಬಿಟ್ಟು, ಬಲಗಾಲು ತೆಗೆದು ಎಡಗಾಲನ್ನು ಆಕ್ಸಿಲರೇಟರ್ ಮೇಲಿಟ್ಟರು. ಎಡಗಾಲಿಗೆ ಆ ಕೆಲಸ ಎಂದೂ ಕಲಿಸಿರಲಿಲ್ಲ. ಅಷ್ಟೇ, ಕಾರು ಛಂಗನೆ ಹಾರಿತು. ಬ್ರೇಕಮ್ಮ ಎಂಜಿನ್ ನಿಲ್ಲಿಸಿ, ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕುಬಿಟ್ಟರು. ಇಷ್ಟು ದಿನ ತಮ್ಮ ಕಾಲಿನ ಮೇಲೆಯೇ ಅನುಮಾನ. ಈಗ ಅದು ಹೋಯಿತು.

ಅವರ ಹಳೆಯ ಮೆಕ್ಯಾನಿಕ್ ಒಂದು ಪುಟ್ಟ ಯಂತ್ರವನ್ನು ಕಾರಿಗೆ ಚುಚ್ಚಿ ಅರ್ಧ ಗಂಟೆ ಅದರ ಪರದೆಯನ್ನೇ ನೋಡಿದ.

"ಅಕ್ಕ, ಎಂಜಿನ್ ಕೆಟ್ಟಿಲ್ಲ. ಇದರ ತಲೆ ತಿರುಗಿಸಿದಾರೆ."

"ಹಾಗಂದ್ರೆ?"

"ಎಂಜಿನ್‌ಗೆ ಒಂದು ಸಣ್ಣ ಕಂಪ್ಯೂಟರ್ ಇರತ್ತಲ್ಲ, ಅದರೊಳಗಿನ ಲೆಕ್ಕಾಚಾರ ಬದಲಾಯಿಸಿದಾರೆ, ಗಾಡಿ ಜೋರಾಗಿ ಹೋಗ್ಲಿ ಅಂತ. ನೀವು ಕಾಲಲ್ಲಿ ಒಂದು ಚಮಚ ಕೇಳಿದ್ರೆ ಅದು ಒಂದು ಲೋಟ ಸುರೀತಿದೆ. ಆ ಹೊಡೆತಕ್ಕೆ ಕ್ಲಚ್ ಪ್ಲೇಟೂ ಸವೆದು ಹೋಗಿದೆ."

ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ, ಹೊರಗಿನವರು ಕೈಹಾಕಿದ್ದನ್ನು ನಾವು ಮುಟ್ಟುವುದಿಲ್ಲ, ಬೇಕಾದರೆ ಕಂಪ್ಯೂಟರನ್ನೇ ಹೊಸದು ಹಾಕುತ್ತೇವೆ ಎಂದರು. ಅವರು ಹೇಳಿದ ಬೆಲೆಗೆ ಬಿಳಿ ಕಾರಿನಂಥದ್ದು ಇನ್ನೊಂದು ಬರುತ್ತಿತ್ತು.

ಬ್ರೇಕಮ್ಮ ನೇರ ಗ್ಯಾರಂಟಿಯ ಅಂಗಳಕ್ಕೆ ಹೋದರು. ಅವನು ಚಹಾ ತರಿಸಿದ. ವಿಷಯ ಕೇಳಿ ಕಾಗದ ತರಿಸಿದ.

"ನೋಡಿ ಅಕ್ಕ, ‘ಇದ್ದ ಸ್ಥಿತಿಯಲ್ಲಿ ಒಪ್ಪಿ ತೆಗೆದುಕೊಂಡಿದ್ದೇನೆ’. ನಿಮ್ಮದೇ ಸಹಿ."

"ಸಹಿ ನಂದೇ. ಆದ್ರೆ ಇದ್ದ ಸ್ಥಿತಿ ಏನು ಅಂತ ನಿಂಗೆ ಗೊತ್ತಿತ್ತಾ, ಅದನ್ನ ಹೇಳು."

"ಅದರ ಹೊಟ್ಟೆಯೊಳಗೆ ಏನಿದೆ ಅಂತ ನಾನೇನು ಕಂಡೆ? ನಂಗೂ ಗಾಡಿ ಮಾರಿದವನು ಏನೂ ಹೇಳ್ಲಿಲ್ಲ" ಎಂದು ಅವನು ಕೈ ತೊಳೆದುಕೊಂಡ.

ಹಿಂದಿನ ಕೋಣೆಯಲ್ಲಿ ಅವನ ಹೆಂಡತಿ ಕೂತಿದ್ದಳು. ಅಂಗಳದ ಕಾಗದಪತ್ರವೆಲ್ಲ ಅವಳದೇ. ಬ್ರೇಕಮ್ಮ ಎದ್ದು ಹೊರಟಾಗ ಅವಳು ಕಿಟಕಿಯಿಂದ ಒಂದು ಗಳಿಗೆ ಅವರನ್ನೇ ನೋಡಿದಳು.

ಕಾರಿನ ಪುಸ್ತಕದಲ್ಲಿ ಹಿಂದಿನ ಮಾಲೀಕನ ವಿಳಾಸ ಇತ್ತು. ಅವನು ಬಣ್ಣದ ಅಂಗಡಿಯಲ್ಲಿ ಗಿರಾಕಿ ಕೇಳಿದ ಬಣ್ಣ ಕಲಸಿಕೊಡುವವನು. ಅವಳಿ ಮಕ್ಕಳು ಹುಟ್ಟಿದ ಮೇಲೆ ಎರಡು ತೊಟ್ಟಿಲು ಹಿಡಿಸುವ ಗಾಡಿ ಬೇಕಾಗಿ ನೀಲಿ ಕಾರನ್ನು ಕೊಟ್ಟಿದ್ದ. ಮುಂಗೈಯವರೆಗೂ ಹಸಿರು ಬಣ್ಣ ಮೆತ್ತಿಕೊಂಡೇ ಹೊರಗೆ ಬಂದ.

"ಟ್ಯೂನಿಂಗ್ ಮಾಡ್ಸಿದ್ದು ನಿಜ ಅಮ್ಮ, ಸುಳ್ಳು ಯಾಕೆ ಹೇಳ್ಲಿ? ನಂಗೆ ಅದು ಇಷ್ಟ ಇತ್ತು. ಆದ್ರೆ ಮಾರೋವಾಗ ಅವರಿಗೆ ಹೇಳ್ದೆ. ಬಿಡಿಸಿ ಬಿಡಿಸಿ ಹೇಳ್ದೆ. ‘ಆಯ್ತು, ಆಯ್ತು, ಮುಂದಿನವರಿಗೆ ಹೇಳ್ತೀನಿ, ಗ್ಯಾರಂಟಿ’ ಅಂದ್ರು."

"ಏನಾದ್ರೂ ಬರ್ಕೊಟ್ಟಿದೀಯಾ?"

ಅವನು ಹಸಿರು ಕೈಯಿಂದಲೇ ತಲೆ ಕೆರೆದುಕೊಂಡ. "ಬಾಯ್ಮಾತಲ್ಲಿ ಹೇಳಿದ್ದು ಅಮ್ಮ."

ಬಾಯ್ಮಾತಿಗೆ ಬಾಯ್ಮಾತು. ಇವನು ಹೇಳಿದೆ ಎನ್ನುತ್ತಾನೆ, ಅವನು ಕೇಳಿಲ್ಲ ಎನ್ನುತ್ತಾನೆ.

ಟ್ಯೂನಿಂಗ್ ಮಾಡಿದವನ ಕೋಣೆ ಒಂದು ಟೈರು ಅಂಗಡಿಯ ಹಿಂದೆ. ಗೋಡೆಯ ಮೊಳೆಗಳಿಗೆ ಉದ್ದುದ್ದ ವೈರು, ಒಂದೊಂದಕ್ಕೂ ಚೀಟಿ. ಮೇಜಿನ ಮೇಲೆ ಲ್ಯಾಪ್‌ಟಾಪು. ನಲವತ್ತರ ಆಸುಪಾಸಿನ ಸಣಕಲ ಮನುಷ್ಯ. "ನನ್ನ ಕಾರನ್ನ ಕೆಡಿಸಿದವನು ನೀನೇ ಏನಪ್ಪಾ?" ಎಂದು ಬ್ರೇಕಮ್ಮ ಕೇಳಿದ್ದಕ್ಕೆ ಅವನ ಮುಖ ಸಪ್ಪಗಾಯಿತು.

"ಕೆಡಿಸಿದ್ದು ಅನ್ಬೇಡಿ ಅಮ್ಮ. ಆ ಫೈಲ್‌ಗೆ ಹನ್ನೆರಡು ದಿನ ಕೂತಿದೀನಿ. ನಾನು ಮಾಡಿದ್ರಲ್ಲೇ ಒಳ್ಳೇ ಕೆಲಸ ಅದು."

"ಒಳ್ಳೇ ಕೆಲಸ ನನ್ನ ಮೇಡಮ್ಮನ್ನ ಹೂವಿನ ಪಾತಿಗೆ ಕರ್ಕೊಂಡು ಹೋಯ್ತಲ್ಲಪ್ಪಾ."

"ಅದನ್ನ ಕಲಿಯೋರಿಗೆ ಅಂತ ಮಾಡಿದ್ದಲ್ಲ!" ಅವನು ಡ್ರಾಯರಿನಿಂದ ಒಂದು ಹಾಳೆ ತೆಗೆದ. ಕ್ಲಚ್ಚು ಬೇಗ ಸವೆಯುತ್ತದೆ, ಕಾಲು ಹದವಾಗಿರಬೇಕು ಎಂದೆಲ್ಲ ಬರೆದು ಬಣ್ಣದ ಅಂಗಡಿಯವನಿಂದ ಸಹಿ ಹಾಕಿಸಿಕೊಂಡಿದ್ದ. ಕಂಪನಿಯ ಮೂಲ ಫೈಲನ್ನೂ ಜೋಪಾನವಾಗಿ ಇಟ್ಟಿದ್ದ. "ಹಳೇದು ಹಾಕೋದು ಅರ್ಧ ಗಂಟೆ ಕೆಲಸ. ಆದ್ರೆ ಅದಕ್ಕಿಂತ ಮುಂಚೆ ಕ್ಲಚ್ ಬದಲಾಯಿಸ್ಬೇಕು. ಖರ್ಚು ಇರೋದೇ ಅದ್ರಲ್ಲಿ."

ಆ ಸಂಜೆ ಬ್ರೇಕಮ್ಮ ಗಂಡನಿಗೆ ಎಲ್ಲ ಹೇಳಿ, ತಾವು ಕಂಡದ್ದನ್ನೂ ಹೇಳಿದರು: "ಆಸೆಪಟ್ಟು ಮಾಡ್ಸಿಕೊಂಡವನ ತಪ್ಪಿಲ್ಲ, ಅವನು ಹೇಳಿದೀನಿ ಅಂತಾನೆ. ಮಾಡ್ಕೊಟ್ಟವನ ತಪ್ಪಿಲ್ಲ, ಅವನು ಬರೆದೇ ಕೊಟ್ಟಿದಾನೆ. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದು ಯಾರೋ, ಅವರದು ಖರ್ಚು."

"ಅವನಿಗೆ ನಿಜವಾಗ್ಲೂ ಗೊತ್ತಿಲ್ದೆ ಇದ್ರೆ?"

"ಆಗ ನಂದೇ. ಮೆಕ್ಯಾನಿಕ್‌ನ ಕರ್ಕೊಂಡು ಹೋಗ್ದೆ ಒಂದೇ ಸುತ್ತಿಗೆ ಮರುಳಾದವಳು ನಾನು."

ಹೀಗೆ ಅವರು ಆ ಖರ್ಚನ್ನು ಮನಸ್ಸಿನಲ್ಲಿ ತಮ್ಮ ಮೇಲೆಯೇ ಹಾಕಿಕೊಂಡರು. ಮುಂದಿನ ತಿಂಗಳು ಕ್ಲಚ್ಚು ಹಾಕಿಸುವುದು, ಅಲ್ಲಿಯವರೆಗೆ ಸ್ವಲ್ಪ ಪಳಗಿದವರನ್ನು ಮಾತ್ರ ನೀಲಿ ಕಾರಿನಲ್ಲಿ ಕೂರಿಸುವುದು ಎಂದು ತೀರ್ಮಾನಿಸಿ ನಿದ್ದೆಯನ್ನೂ ಕೆಡಿಸಿಕೊಳ್ಳಲಿಲ್ಲ.

ವಾರ ಕಳೆಯುವುದರೊಳಗೆ ಗ್ಯಾರಂಟಿಯ ಹೆಂಡತಿ ಶಾಲೆಯ ಬಾಗಿಲಲ್ಲಿ ನಿಂತಿದ್ದಳು.

"ಹದಿನಾಲ್ಕು ವರ್ಷದಿಂದ ಕಾರುಗಳ ಮಧ್ಯೆ ಕೂತಿದೀನಿ ಅಮ್ಮ. ಒಂದನ್ನೂ ಒಂದಡಿ ಮುಂದೆ ತಳ್ಳಕ್ಕೆ ಬರಲ್ಲ. ಕಲಿಸ್ತೀರಾ? ಮೊನ್ನೆ ನೀವು ಜಗಳ ಆಡ್ದೆ, ಕೂಗಾಡ್ದೆ ಎದ್ದು ಹೋದ್ರಲ್ಲ, ಆಗ್ಲೇ ಅನ್ಕೊಂಡೆ, ಕಲಿತ್ರೆ ಇವರ ಹತ್ರ ಅಂತ."

ಎರಡು ದಿನ ಹಲಗೆ ತುಳಿದಳು. ಚುರುಕಾದ ಕಾಲು. ಮೂರನೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ಶಾಲೆಯ ಫೋನು ರಿಂಗಾಯಿತು. ಗ್ಯಾರಂಟಿ.

"ಅಕ್ಕ, ನಮ್ಮವಳು ಇವತ್ತು ಗಾಡಿ ಹತ್ತುತಾಳಂತೆ."

"ಹೂಂ, ಹತ್ತು ಗಂಟೆಗೆ."

"ಅವಳಿಗೆ ಬಿಳೀದ್ರಲ್ಲೇ ಕಲಿಸಿ."

"ಹತ್ತಕ್ಕೆ ಬಿಳೀದು ಖಾಲಿ ಇಲ್ವಲ್ಲಪ್ಪಾ. ಅವಳ ಕಾಲು ಚೆನ್ನಾಗಿದೆ, ನೀಲೀದು ನಡೀತದೆ."

"ಬೇಡ ಅಕ್ಕ, ನೀಲೀದು ಬೇಡ. ಕಾಯ್ತಾಳೆ ಬೇಕಾದ್ರೆ."

"ನೀನೇ ಕೊಟ್ಟ ಗಾಡಿ. ಕೆಟ್ಟದ್ದು ಅಂತ ನೀನೇ ಅಂದ್ರೆ ಹೆಂಗೆ?"

"ಅಯ್ಯೋ ನಿಮಗೆ ಗೊತ್ತಿಲ್ಲ ಅಕ್ಕ, ಅದನ್ನ ಆ ಬಣ್ಣದಂಗಡಿ ಹುಡುಗನ ಹತ್ರದಿಂದ ತಂದ ದಿನಾನೇ ನಾನು ನಮ್ಮ ಗೇಟಿಗೆ ಗುದ್ದಿದ್ದೆ! ಅವನು ಹುಷಾರಾಗಿ ಒತ್ತಿ ಅಂತ ಹೇಳಿದ್ರೂ..."

ಮಾತು ಅಲ್ಲಿಗೆ ನಿಂತಿತು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ಅವನೇ ಹೆಗಲು ಮುಟ್ಟಿ ನೋಡಿಕೊಂಡಿದ್ದ. ಬ್ರೇಕಮ್ಮ ಒಂದು ಮಾತಿನಲ್ಲೂ ಅವನನ್ನು ಹಂಗಿಸಲಿಲ್ಲ. ಆದರೆ ಸುಮ್ಮನೂ ಬಿಡಲಿಲ್ಲ.

"ಆಯ್ತಪ್ಪಾ. ನಿನ್ನ ಹೆಂಡತೀನ ಬಿಳೀದ್ರಲ್ಲೇ ಕೂರಿಸ್ತೀನಿ. ನೀಲೀದ್ರಲ್ಲಿ ಬೇರೆಯವರ ಮನೆ ಹೆಂಡತಿ ಮಕ್ಕಳನ್ನ ಕೂರಿಸ್ತೀನಿ."

ಫೋನು ಇಟ್ಟು ಕಾಲು ಗಂಟೆಯಾಗಿರಲಿಲ್ಲ, ಅವನೇ ಬಂದ. ಹೆಂಡತಿ ಹಲಗೆಯ ಮುಂದೆ ಕುರ್ಚಿಯ ಮೇಲೆ ಕೂತು ಕ್ಲಚ್ಚು ಅಭ್ಯಾಸ ಮಾಡುತ್ತಿದ್ದಳು. ಫೋನಿನಲ್ಲಿ ಅವನು ಕೂಗಿ ಹೇಳಿದ್ದೆಲ್ಲ ಅವಳ ಕಿವಿಗೂ ಬಿದ್ದಿತ್ತು. ಗಂಡನ ಮುಖ ನೋಡಿದಳು, ಬ್ರೇಕಮ್ಮನ ಮುಖ ನೋಡಿದಳು.

"ಗೇಟ್ ಸೊಟ್ಟಗಾಗಿದ್ದು ಲಾರಿಯವನಿಂದ ಅಂದಿದ್ರಿ ಅಲ್ವೇನ್ರೀ?"

ಗ್ಯಾರಂಟಿ ಗೋಡೆಯ ಮೇಲಿನ ರಸ್ತೆ ಚಿಹ್ನೆಗಳನ್ನು ಒಂದೊಂದಾಗಿ ಓದತೊಡಗಿದ. ಕೊನೆಗೆ, "ಅಕ್ಕ, ಎರಡು ತಿಂಗಳಿಂದ ಆ ಗಾಡಿ ಮಾರಾಟ ಆಗಿರಲಿಲ್ಲ. ನೀವು ಓಡ್ಸಿ ಬಂದು ಚುರುಕಾಗಿದೆ ಅಂದ್ರಿ. ನಿಮ್ಮಂಥವರಿಗೇ ಹಿಡಿಸಿದ್ಮೇಲೆ ನಾನ್ಯಾಕೆ ಬಾಯಿ ಬಿಡ್ಲಿ ಅಂತ... ಸುಮ್ಮನಾದೆ" ಎಂದ. "ತಲೆ ಸರಿ ಮಾಡ್ಸೋದೂ ನಂದೇ, ಕ್ಲಚ್ಚೂ ನಂದೇ."

"ಕ್ಲಚ್ ಪೂರ್ತಿ ನಿಂದಲ್ಲ. ಆರು ವಾರ ನನ್ನ ಶಿಷ್ಯರೂ ತುಳಿದಿದಾರೆ. ಕಾಲು ಭಾಗ ನಾನು ಕೊಡ್ತೀನಿ."

"ಬೇಡ ಅಕ್ಕ, ಇರ್ಲಿ."

"ಇರ್ಲಿ ಅನ್ನೋ ಹಾಗಿಲ್ಲ. ಎಷ್ಟು ನಂದೋ ಅಷ್ಟು ನಂದು."

ಕೊಡುತ್ತೇನೆ ಎನ್ನುವವರೇ ಇಬ್ಬರೂ ಆಗಿ ಚೌಕಾಶಿ ಉಲ್ಟಾ ನಡೆಯಿತು. ಹೆಂಡತಿ ಪೆಡಲಿನಿಂದ ಕಾಲು ತೆಗೆಯದೆಯೇ ತೀರ್ಪು ಕೊಟ್ಟಳು: "ಅಮ್ಮ ಹೇಳಿದ ಹಾಗೇ ಆಗ್ಲಿ. ಇನ್ನು ನೀವು ಹೋಗಿ, ನನ್ನ ಪಾಠಕ್ಕೆ ಹೊತ್ತಾಯ್ತು."

ಮೆಕ್ಯಾನಿಕ್ ಹೊಸ ಕ್ಲಚ್ಚು ಹಾಕಿದ. ಮರುದಿನ ಬೆಳಿಗ್ಗೆ ಬ್ರೇಕಮ್ಮ ಕಾರನ್ನು ಟ್ಯೂನಿಂಗ್‌ನವನ ಕೋಣೆಯ ಮುಂದೆ ನಿಲ್ಲಿಸಿದರು. ಅವನು ವೈರು ಹಿಡಿದು ಬಂದವನು, ಚುಚ್ಚದೆ ನಿಂತ.

"ಅಮ್ಮ, ಒಂದು ಮಾತು. ಅಳಿಸೋ ಮುಂಚೆ ಒಂದೇ ಒಂದ್ಸಲ ಅದನ್ನ ಸರಿಯಾದ ರಸ್ತೇಲಿ ಓಡ್ಸಿ ನೋಡ್ತೀರಾ? ನೀವು ಅದನ್ನ ಪಾರ್ಕ್ ಸುತ್ತಾನೇ ಓಡ್ಸಿರೋದು. ಕುದುರೇನ ಅಡಿಗೆಮನೇಲಿ ಕಟ್ಟಿ, ಪಾತ್ರೆ ಒಡೀತು ಅಂದ್ರೆ ಹೆಂಗೆ?"

ಬ್ರೇಕಮ್ಮನಿಗೆ ನಗು ಬಂತು. ಅವನ ದನಿಯಲ್ಲಿದ್ದ ಆಸೆಯೂ ಅರ್ಥವಾಯಿತು. ಹನ್ನೆರಡು ದಿನದ ಕೆಲಸ ಅರ್ಧ ಗಂಟೆಯಲ್ಲಿ ಹೋಗುವುದಿತ್ತು. "ಗಾಡಿ ಹತ್ತು" ಎಂದರು.

ಊರಾಚೆಯ ಹೆದ್ದಾರಿಯಲ್ಲಿ ನೂರರವರೆಗೆ ಹೋಗಲು ಅನುಮತಿ ಇತ್ತು. ಬ್ರೇಕಮ್ಮ ತಮ್ಮ ಜೀವಮಾನದಲ್ಲಿ ಅರವತ್ತು ದಾಟಿದವರಲ್ಲ. ಮೊದಲು ಕೇಕು, ಆಮೇಲೆ ಕಲಿಯುವವರು. ಜೋರು ಹೋಗಲು ಪುರಸೊತ್ತೇ ಆಗಿರಲಿಲ್ಲ. ಬೆಳಗಿನ ರಸ್ತೆ ಖಾಲಿಯಿತ್ತು. ಎರಡೂ ಕಡೆ ಹುಲ್ಲುಗಾವಲು.

"ಮೂರನೇ ಗೇರು. ಈಗ ಒತ್ತಿ ಅಮ್ಮ. ಹೆದರ್ಬೇಡಿ."

"ಹೆದರ್ಬೇಡಿ ಅಂತ ನಂಗೇ ಹೇಳ್ತೀಯಾ?" ಎಂದು ಬ್ರೇಕಮ್ಮ ಒತ್ತಿದರು.

ಸೀಟು ಬೆನ್ನಿಗೆ ಬಂದು ತಬ್ಬಿಕೊಂಡಿತು. ಹುಲ್ಲುಗಾವಲು ಒಂದು ಹಸಿರು ಗೆರೆಯಾಯಿತು. ಎಂಜಿನ್ನು ಎಲ್ಲೂ ತೊದಲದೆ ಒಂದೇ ಉಸಿರಿನಲ್ಲಿ ಹಾಡಿತು. ಕಾಲು ಕೇಳಿದಷ್ಟೂ ಕೊಡುವ, ಕೇಳುವ ಮುಂಚೆಯೇ ಕೊಡುವ ಗಾಡಿ. ತೊಂಬತ್ತೆಂಟಕ್ಕೆ ಮುಳ್ಳು ಬಂದಾಗ ಅವರ ಬಾಯಿಂದ "ಓಹೋಹೋ!" ಎಂಬ ಕೂಗು ತಾನಾಗಿಯೇ ಹೊರಟಿತು. ಪಕ್ಕದಲ್ಲಿ ಅವನು ತನ್ನ ಮಗು ವೇದಿಕೆ ಹತ್ತಿದ್ದನ್ನು ನೋಡುವ ತಂದೆಯ ಹಾಗೆ ಕೂತಿದ್ದ. ಮುಂದಿನ ತಿರುವಿನ ಬಳಿ ತಿರುಗಿಸಿ ಬಂದು, ಮತ್ತೊಂದು ಸಲ ಹೋಗಿ, ಮೂರನೆಯ ಸಲ ಕೇಳದೆಯೇ ಹೋದರು.

ಕೋಣೆಯ ಮುಂದೆ ನಿಲ್ಲಿಸಿದಾಗ ಅವರ ಕೆನ್ನೆ ಕೆಂಪಾಗಿತ್ತು.

"ಒಳ್ಳೇ ಕೆಲಸ ಕಣಪ್ಪಾ ನಿಂದು. ಕೆಡಿಸಿದ್ದು ಅಂದಿದ್ದೆ, ಆ ಮಾತು ವಾಪಸ್ ತಗೋತೀನಿ."

"ಹಾಗಾದ್ರೆ ಅಳಿಸ್ಬೇಡ್ವಾ?" ಅವನ ಕಣ್ಣು ಅರಳಿತು.

"ಅಳಿಸಪ್ಪಾ. ನನ್ನ ಮೇಡಂ ಹತ್ತೂವರೆಗೆ ಬರ್ತಾರೆ."

ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ವಾಪಸು ಬರುವಾಗ ಕಾರು ಹೊಟ್ಟೆ ತುಂಬಿದ ಹಸುವಿನ ಹಾಗೆ ನಡೆಯಿತು. ಆ ದಿನ ಪ್ರೈಮರಿ ಶಾಲೆಯ ಮೇಡಂ ಮೊದಲ ಬಾರಿಗೆ ಪಾರ್ಕಿನ ಪೂರ್ತಿ ಸುತ್ತು ಹಾಕಿದರು, ಬ್ರೇಕಮ್ಮನ ಕಾಲು ಒಮ್ಮೆಯೂ ಪೆಡಲು ಮುಟ್ಟಲಿಲ್ಲ.

ಗ್ಯಾರಂಟಿಯ ಹೆಂಡತಿ ಮೊದಲ ಸಲಕ್ಕೇ ಪಾಸಾದಳು. ಆಮೇಲೆ ಅಂಗಳದಲ್ಲಿ ಒಂದು ಹೊಸ ಪದ್ಧತಿ ಬಂತು. ಕಾರು ಮಾರಲು ಬಂದವರು ಮೊದಲು ಅವಳ ಮೇಜಿನ ಮುಂದೆ ಕೂರಬೇಕು. "ಇದಕ್ಕೆ ಹೊರಗಡೆ ಏನೇನು ಮಾಡ್ಸಿದೀರಾ? ಎಲ್ಲಾ ಹೇಳಿ" ಎಂದು ಕೇಳಿ, ಅವರು ಹೇಳಿದ್ದನ್ನು ಒಂದು ಕಾರ್ಡಿನಲ್ಲಿ ಬರೆದು ಕಾರಿನ ಗಾಜಿಗೆ ಒಳಗಿನಿಂದ ಅಂಟಿಸುತ್ತಾಳೆ. ಜೋರಿನ ಕಾರು ಬೇಕೆಂದೇ ಹುಡುಕುವ ಹುಡುಗರು ಈಗ ಕಾರ್ಡು ಓದಿಕೊಂಡು ಅಲ್ಲಿಗೇ ಬರುತ್ತಾರೆ. ವ್ಯಾಪಾರ ಕೆಡುತ್ತದೆ ಎಂದು ಮೊದಲು ಗೊಣಗುತ್ತಿದ್ದ ಗ್ಯಾರಂಟಿ ಈಗ ಅದು ತನ್ನದೇ ಉಪಾಯ ಎಂದು ಹೇಳಿಕೊಂಡು ತಿರುಗುತ್ತಾನೆ.

ಬ್ರೇಕಮ್ಮನಿಗೆ ಈಗ ಅರವತ್ತೊಂದು. ಭಾನುವಾರ ಶಾಲೆಗೆ ರಜೆ. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಗಂಟೆ ದೂರದ ನಾದಿನಿಯ ಮನೆಗೆ ಹೊರಡುತ್ತಾರೆ. ಊರ ಗಡಿ ದಾಟುವುದರೊಳಗೆ ಗಂಡ ತಲೆ ಕಿಟಕಿಗೆ ಆನಿಸಿ ನಿದ್ದೆ ಹೋಗಿರುತ್ತಾರೆ. ನಾದಿನಿಯ ಮನೆಯ ಮುಂದೆ ಕಾರು ನಿಂತರೂ ಅವರಿಗೆ ಎಚ್ಚರವಾಗುವುದಿಲ್ಲ. ಬ್ರೇಕಮ್ಮ ಎಂಜಿನ್ ಆರಿಸಿ, ನಾದಿನಿಗೆ ಕೈಸನ್ನೆಯಲ್ಲೇ "ಇರಲಿ" ಎಂದು ಹೇಳಿ, ತಮ್ಮ ಬದಿಯ ಕಿಟಕಿಯನ್ನು ಎರಡು ಬೆರಳು ಇಳಿಸಿ, ಐದು ನಿಮಿಷ ಹಾಗೇ ಕೂತಿರುತ್ತಾರೆ.